ಟೊಳ್ಳು ಎಂಜಿನ್ನೂ ನನ್ನ ಒಂಬತ್ತು ಸಹಿಗಳೂ

ಇಂದ:
ಉಪಕರಣ ಕೊಠಡಿಯ ಪಾಲಕಿ
(ಹ್ಯಾಂಗರಿನ ಹಿಂಬದಿ, ಸೋರುವ ನಲ್ಲಿಯ ಪಕ್ಕದ ಬಾಗಿಲು)

ಗೆ:
ಮಾನ್ಯ ಪ್ರಾಂಶುಪಾಲರು
ವಿಮಾನ ನಿರ್ವಹಣಾ ತರಬೇತಿ ಶಾಲೆ

ಮಾರ್ಗ:
ಹಿರಿಯ ತಂತ್ರಜ್ಞರು, ಭಾರ ಎತ್ತುವ ವಿಭಾಗ
(ಇವರು ನನ್ನ ಮೇಲಧಿಕಾರಿ ಹಾಗೂ ನನ್ನ ಗಂಡ. ಇದು ನಿಯಮಕ್ಕೆ ಸರಿಯೇ ಎಂದು ಎರಡು ಬಾರಿ ಬರೆದು ಕೇಳಿದ್ದೇನೆ. ಉತ್ತರ ಬಂದಿಲ್ಲ.)

ವಿಷಯ: ಚೈನ್ ಬ್ಲಾಕಿನ ವಾರ್ಷಿಕ ಪರೀಕ್ಷಾ ಪುಸ್ತಕದಲ್ಲಿ ನಾನು ಮಾಡಿರುವ ಒಂಬತ್ತು ಸಹಿಗಳನ್ನು ಹಿಂಪಡೆಯಲು ಹಾಗೂ ಸೋಮವಾರದ ಎಂಜಿನ್ ಜೋಡಣೆಗೆ ಹೊಸ ಸ್ಟ್ಯಾಂಡ್ ಬಳಸಲು ಅನುಮತಿ ಕೋರಿ.

ಉಲ್ಲೇಖ:
೧. ನನ್ನ ಮೊದಲ ಅರ್ಜಿ. ಎಡಗಡೆ ಅಂಚು ಬಿಟ್ಟಿಲ್ಲವೆಂದು ವಾಪಸಾದದ್ದು.
೨. ಎರಡನೇ ಅರ್ಜಿ. ಅಂಚು ಬಿಟ್ಟದ್ದು. ‘ಸಂಬಂಧಪಟ್ಟವರಿಗೆ ಕಳುಹಿಸಿ’ ಎಂಬ ಷರಾ ಹೊತ್ತು ಸಂಬಂಧಪಟ್ಟವರಿಗೆ, ಅಂದರೆ ನನಗೇ, ತಲುಪಿದ್ದು. ಸ್ವೀಕೃತಿ ಕೊಟ್ಟಿದ್ದೇನೆ.
೩. ಮೂರನೇ ಅರ್ಜಿ. ತಮ್ಮ ಮೇಜಿನ ಮೇಲೆ ಪಿಸ್ಟನ್ನಿನ ಅಡಿಯಲ್ಲಿ ನಾಲ್ಕು ತಿಂಗಳಿಂದ ಇರುವುದು.
೪. ಮೊನ್ನೆ ಗುರುವಾರ ತಾವು ಮೌಖಿಕವಾಗಿ ‘ಹೋಗಿಮ್ಮಾ, ಕೆಲಸ ನೋಡಿ’ ಎಂದದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಈ ಶಾಲೆಯಲ್ಲಿ ಒಂಬತ್ತು ವರ್ಷಗಳಿಂದ ಸ್ಪ್ಯಾನರ್ ಕೊಟ್ಟು ಸ್ಪ್ಯಾನರ್ ವಾಪಸು ತೆಗೆದುಕೊಳ್ಳುವ ಕೆಲಸ ಮಾಡುತ್ತಿದ್ದೇನೆ. ಈ ಅವಧಿಯಲ್ಲಿ ಕಳೆದದ್ದು ಒಂದೇ ಒಂದು, ಇಪ್ಪತ್ತನಾಲ್ಕರ ಸ್ಪ್ಯಾನರ್. ಅದು ಯಾರ ಹತ್ತಿರ ಇದೆಯೆಂದು ನನಗೆ ಅನುಮಾನವಿತ್ತು, ಪುರಾವೆ ಇರಲಿಲ್ಲ. ಮೂರು ವರ್ಷಗಳಿಂದ ಸಂಜೆ ತರಗತಿಯಲ್ಲಿ ಯಂತ್ರ ವಿನ್ಯಾಸ ಕಲಿಯುತ್ತಿದ್ದೇನೆ. ಆದ್ದರಿಂದ ಈ ಅರ್ಜಿಯಲ್ಲಿ ಲೆಕ್ಕ ತಪ್ಪಿದ್ದರೆ ಅದು ನನ್ನದು, ಸರಿಯಿದ್ದರೆ ನಮ್ಮ ಮೇಷ್ಟ್ರದ್ದು ಎಂದು ಮೊದಲೇ ತಿಳಿಸುತ್ತೇನೆ.

೧. ನಮ್ಮ ಹ್ಯಾಂಗರಿನಲ್ಲಿ, ಅಂದರೆ ಇನ್ನೆಂದೂ ಹಾರದ ಒಂದು ವಿಮಾನವನ್ನು ವಿದ್ಯಾರ್ಥಿಗಳು ಬಿಚ್ಚಿ ಜೋಡಿಸಿ ಕೆಲಸ ಕಲಿಯುವ ದೊಡ್ಡ ಶೆಡ್ಡಿನಲ್ಲಿ, ತೊಲೆಗೆ ನೇತುಹಾಕಿದ ಒಂದು ಚೈನ್ ಬ್ಲಾಕ್ ಇದೆ. ಸರಪಳಿ ಎಳೆದರೆ ಕೊಕ್ಕೆಯ ಭಾರ ಮೇಲೇಳಬೇಕು, ಎಳೆಯುವುದು ಬಿಟ್ಟರೆ ಅಲ್ಲೇ ನಿಲ್ಲಬೇಕು. ವಿದ್ಯಾರ್ಥಿಗಳು ಇದನ್ನು ‘ದೊಡ್ಡಪ್ಪ’ ಎನ್ನುತ್ತಾರೆ. ವಯಸ್ಸಾಗಿದೆ, ಏನು ಹೇಳಿದರೂ ಗೊರಗೊರ ಎನ್ನುತ್ತದೆ, ಎದುರು ಮಾತಾಡುವವರಿಲ್ಲ. ಎಷ್ಟು ಭಾರ ತಡೆಯುತ್ತದೆ ಎಂದು ಕೊರೆದ ತಗಡೊಂದು ಅದರ ಮೈಮೇಲಿದೆ. ಆದರೆ ಪ್ರತಿ ತಪಾಸಣೆಗೂ ಮುಂಚೆ ತಮ್ಮ ಆದೇಶದಂತೆ ಅದಕ್ಕೆ ಹಳದಿ ಬಣ್ಣ ಬಳಿಯುತ್ತ ಬಂದ ಕಾರಣ, ಈಗ ಬೆರಳಿಗೆ ಸಿಗುವುದು ‘೨’ ಎಂಬ ಒಂದು ಅಂಕಿ ಮಾತ್ರ. ಅದು ಇನ್ನೂರೋ, ಎರಡು ಸಾವಿರವೋ, ಎರಡನೇ ತಾರೀಕೋ ಹೇಳಲಾರೆ.

೨. ದೊಡ್ಡಪ್ಪ ಒಂದು ಗೇಣು ಜಾರುತ್ತಾನೆ. ಭಾರ ಎತ್ತಿ ಕೈ ಬಿಟ್ಟರೆ ಸರ್ರನೆ ಒಂದು ಗೇಣು ಇಳಿದು, ಆಮೇಲೆ ನಿಲ್ಲುತ್ತಾನೆ. ಇದನ್ನು ದುರಸ್ತಿ ಮಾಡುವ ಬದಲು ನಾವು ಅಭ್ಯಾಸ ಮಾಡಿಕೊಂಡಿದ್ದೇವೆ. ಬೇಕಾದ ಎತ್ತರಕ್ಕಿಂತ ಒಂದು ಗೇಣು ಹೆಚ್ಚು ಎತ್ತಿ, ಅವನು ಜಾರಿ ಮುಗಿಸುವ ತನಕ ಕಾಯುವುದು. ಇದನ್ನು ವಿದ್ಯಾರ್ಥಿಗಳಿಗೂ ಕಲಿಸುತ್ತಿದ್ದೇವೆ. ಕಳೆದ ಪರೀಕ್ಷೆಯಲ್ಲಿ ‘ಎಂಜಿನ್ ಎತ್ತುವ ಹಂತಗಳನ್ನು ವಿವರಿಸಿ’ ಎಂಬ ಪ್ರಶ್ನೆಗೆ ಒಬ್ಬಳು ‘ಏಳನೇ ಹಂತ: ದೊಡ್ಡಪ್ಪನಿಗೆ ಒಂದು ಗೇಣು ಬಿಡಬೇಕು’ ಎಂದು ಬರೆದು ಪೂರ್ತಿ ಅಂಕ ಪಡೆದಿದ್ದಾಳೆ. ನಮ್ಮಲ್ಲಿ ಕಲಿತು ಹೋದ ಒಬ್ಬಾತ ಬೇರೆಡೆ ಕೆಲಸಕ್ಕೆ ಸೇರಿ, ಅಲ್ಲಿನ ಸರಿಯಾದ ಯಂತ್ರದಲ್ಲೂ ಒಂದು ಗೇಣು ಹೆಚ್ಚು ಎತ್ತಿ, ಎಂಜಿನ್ನನ್ನು ತೊಲೆಗೆ ಗುದ್ದಿಸಿದ್ದಾನೆ. ‘ಇದು ಯಾಕೆ ಜಾರ್ತಾ ಇಲ್ಲ, ಕೆಟ್ಟಿದೆಯಾ?’ ಎಂದು ಅಲ್ಲಿಯವರನ್ನೇ ಕೇಳಿದನಂತೆ.

೩. ಆದಾಗ್ಯೂ ದೊಡ್ಡಪ್ಪ ಪ್ರತಿ ವರ್ಷ ಪರೀಕ್ಷೆಯಲ್ಲಿ ಪಾಸಾಗುತ್ತಾನೆ. ನಮ್ಮ ತರಬೇತಿ ಎಂಜಿನ್ನನ್ನು ಕೊಕ್ಕೆಗೆ ಸಿಕ್ಕಿಸಿ ಅರ್ಧ ಗಂಟೆ ನೇತುಬಿಡುವುದೇ ಪರೀಕ್ಷೆ. ಎಂಜಿನ್ ಮೇಲೆ ‘೩೧೦ ಕೆ.ಜಿ.’ ಎಂದು ಬರೆದಿದೆ. ಕೆಳಗೆ ಬೀಳದಿದ್ದರೆ ಪುಸ್ತಕದಲ್ಲಿ ‘೩೧೦ ಕೆ.ಜಿ. ತಡೆದಿದೆ’ ಎಂದು ನನ್ನ ಗಂಡ ಬರೆಯುತ್ತಾರೆ, ಸಾಕ್ಷಿಯಾಗಿ ನಾನು ಸಹಿ ಮಾಡುತ್ತೇನೆ. ಹೀಗೆ ಒಂಬತ್ತು ಸಹಿ. ದುಂಡಗೆ, ಅಡಿಗೆರೆ ಸಮೇತ.

೪. ಏಳು ತಿಂಗಳ ಹಿಂದೆ ಸಂಜೆ ತರಗತಿಯ ಮೇಷ್ಟ್ರು ಮನೆಗೆಲಸ ಕೊಟ್ಟರು: ನಿಮ್ಮ ಕೆಲಸದ ಜಾಗದ ಒಂದು ಭಾರವಾದ ವಸ್ತುವನ್ನು ತೂಗಿ, ಅದರ ಮೇಲೆ ಬರೆದ ತೂಕದೊಂದಿಗೆ ಹೋಲಿಸಿ. ನಾನು ಎಂಜಿನ್ನನ್ನು ಟ್ರಾಲಿ ಸಮೇತ ನನ್ನ ಕೊಠಡಿಯ ಸಾಮಾನು ತೂಗುವ ಯಂತ್ರದ ಮೇಲೆ ತಳ್ಳಿದೆ. ಟ್ರಾಲಿಯ ತೂಕ ಕಳೆದರೆ ನೂರ ಅರವತ್ತೆಂಟು ಕೆ.ಜಿ. ಬಂತು. ನನ್ನ ಕೈಯಲ್ಲಿ ಏನೋ ತಪ್ಪಾಗಿದೆ ಎಂದುಕೊಂಡು ಇನ್ನೆರಡು ಸಲ ತೂಗಿದೆ. ಯಂತ್ರವೇ ಕೆಟ್ಟಿರಬಹುದೆಂದು ನಾನೇ ಮೇಲೆ ನಿಂತು ನೋಡಿದೆ. ಯಂತ್ರ ಸರಿಯಿತ್ತು. ಈ ಬಗ್ಗೆ ಹೆಚ್ಚಿನ ವಿವರ ಇಲ್ಲಿ ಅನಗತ್ಯ.

ಆಮೇಲೆ, ಯಾರು ಏನು ಒಯ್ದರೆಂದು ಬರೆದಿಡುವ ನೀಡಿಕೆ ಪುಸ್ತಕ ತೆಗೆದು ಕೂತೆ. ನಮ್ಮ ಎಂಜಿನ್ನಿನಿಂದ ವರ್ಷ ವರ್ಷವೂ ಒಂದೊಂದು ಭಾಗ ಹೊರಹೋಗಿದೆ. ಎಲ್ಲದರ ಮುಂದೆಯೂ ‘ಉದ್ದೇಶ: ಪ್ರಾತ್ಯಕ್ಷಿಕೆ’ ಎಂದು ಬರೆದಿದೆ. ಯಾವುದೂ ಮರಳಿಲ್ಲ. ನಡುವಿನ ದೊಡ್ಡ ದಂಡ ಎರಡನೇ ತರಗತಿಯ ಗೋಡೆಯ ಮೇಲೆ, ‘ಮುಟ್ಟಬೇಡಿ’ ಎಂಬ ಫಲಕದೊಂದಿಗಿದೆ. ಹಲ್ಲುಚಕ್ರಗಳು ಕ್ಯಾಂಟೀನಿನ ಟಾರ್ಪಾಲು ಗಾಳಿಗೆ ಹಾರದಂತೆ ನಾಲ್ಕು ಮೂಲೆಯಲ್ಲಿ ಕೂತಿವೆ. ಒಂದು ಸಿಲಿಂಡರು ತಮ್ಮ ಕೋಣೆಯ ಬಾಗಿಲನ್ನು ತಡೆದು ನಿಂತಿದೆ. ಹೊರಗೆ ಹೋದ ನಾಲ್ಕು ಸಿಲಿಂಡರುಗಳ ಜಾಗದಲ್ಲಿ, ಹಿಂದೊಮ್ಮೆ ವಸ್ತುಪ್ರದರ್ಶನಕ್ಕೆಂದು ಬೆಳ್ಳಿ ಬಣ್ಣ ಬಳಿದು ಕೂರಿಸಿದ ಮರದ ತುಂಡುಗಳಿವೆ. ಒಂದರಲ್ಲಿ ಗೆದ್ದಲು ಕಂಡಿದ್ದೇನೆ. ವಿಮಾನದ ಎಂಜಿನ್ನಿಗೆ ಗೆದ್ದಲು ಹಿಡಿದರೆ ಯಾವ ನಮೂನೆಯಲ್ಲಿ ವರದಿ ಮಾಡಬೇಕೆಂದು ತಿಳಿಸಬೇಕಾಗಿ ಕೋರುತ್ತೇನೆ.

ತಮ್ಮ ಮೇಜಿನ ಮೇಲಿನ ಪಿಸ್ಟನ್ ಕೂಡ ಅದರದ್ದೇ. ‘ಬಿಡಿಭಾಗಗಳನ್ನು ದಯವಿಟ್ಟು ವಾಪಸು ಮಾಡಿ’ ಎಂಬ ನನ್ನ ಮೂರನೇ ಅರ್ಜಿ ಅದೇ ಪಿಸ್ಟನ್ನಿನ ಅಡಿಯಲ್ಲಿದೆ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ತಪ್ಪೊಪ್ಪಿಗೆ: ಒಂದು ಸ್ಪ್ರಿಂಗ್ ನಮ್ಮ ಮನೆಯ ಬಚ್ಚಲ ಬಾಗಿಲಿನಲ್ಲಿತ್ತು. ತೂಕ ತೊಂಬತ್ತು ಗ್ರಾಂ. ತಂದವರು ಈ ಅರ್ಜಿಯ ‘ಮಾರ್ಗ’ದಲ್ಲಿ ನಮೂದಾಗಿರುವ ಅಧಿಕಾರಿಗಳು. ಉದ್ದೇಶ, ಪ್ರಾತ್ಯಕ್ಷಿಕೆ.

೫. ಒಟ್ಟಾರೆ, ನಾನು ಒಂಬತ್ತು ವರ್ಷ ಕಣ್ಣಾರೆ ಕಂಡೆನೆಂದು ಸಹಿ ಹಾಕಿದ್ದು ಒಂದು ಡಬ್ಬಿಗೆ. ಪರೀಕ್ಷೆಯ ಭಾರ ಕೆಲಸದ ಭಾರಕ್ಕಿಂತ ಕಾಲು ಭಾಗ ಹೆಚ್ಚಿರಬೇಕು ಎಂದು ನಮ್ಮ ಪಠ್ಯದಲ್ಲಿದೆ. ನಮ್ಮದು ಕೆಲಸದ ಭಾರದ ಹೆಚ್ಚುಕಡಿಮೆ ಅರ್ಧ. ಮೇಷ್ಟ್ರು ನನ್ನ ಮನೆಗೆಲಸ ನೋಡಿ ಕನ್ನಡಕ ತೆಗೆದು ಕೇಳಿದರು: ‘ಇಷ್ಟು ತೂಕಕ್ಕೆ ಒಂದು ಗೇಣು ಜಾರುತ್ತೆ ಅಂತೀರಿ. ಪೂರ್ತಿ ತೂಕ ಹಾಕಿದ್ರೆ ಎಷ್ಟು ಜಾರುತ್ತೆ?’ ನನಗೆ ಉತ್ತರ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

೬. ಆದ ಕಾರಣ ಹೊಸ ಸ್ಟ್ಯಾಂಡೊಂದನ್ನು ವಿನ್ಯಾಸ ಮಾಡಲು ತೊಡಗಿದೆ. ನನಗೆ ಯೋಗ್ಯತೆ ಇದೆಯೇ ಎಂಬ ಪ್ರಶ್ನೆಯನ್ನು ನಾನೇ ಅನೇಕ ಸಲ ಹಾಕಿಕೊಂಡಿರುವುದರಿಂದ ತಾವು ಮತ್ತೊಮ್ಮೆ ಹಾಕುವ ಅಗತ್ಯವಿಲ್ಲ. ಮೊದಲ ಮಾದರಿಯನ್ನು ಮನೆಯ ಬಟ್ಟೆ ಒಣಗಿಸುವ ಸ್ಟ್ಯಾಂಡಿನಿಂದ ಮಾಡಿದೆ. ಎಂಜಿನ್ನಿನ ಬದಲು ನೀರು ತುಂಬಿದ ಬಕೆಟ್. ನಮ್ಮತ್ತೆ ಒದ್ದೆ ಸೀರೆ ಹೆಗಲಿಗೆ ಹಾಕಿಕೊಂಡು ಬಂದು ನಿಂತರು.

‘ಇದೇನಮ್ಮ, ಬಟ್ಟೆ ಹಾಕೋ ಜಾಗದಲ್ಲಿ ಬಕೆಟ್ ನೇತಾಡ್ತಾ ಇದೆ?’

‘ಅತ್ತೆ, ಹಗ್ಗ ಕೈ ಬಿಟ್ಟರೂ ಬಕೆಟ್ ಬೀಳಬಾರದು. ಅದನ್ನೇ ನೋಡ್ತಾ ಇದ್ದೀನಿ.’

‘ಬಕೆಟ್ ನೆಲದ ಮೇಲೇ ಇಟ್ರೆ ಬೀಳೋದೇ ಇಲ್ವಲ್ಲ.’

ಹಗ್ಗ ಬಿಟ್ಟೆ. ಬಕೆಟ್ ಬಿತ್ತು. ಅತ್ತೆಯ ಕಾಲು ಒದ್ದೆಯಾಯಿತು. ‘ನಿನ್ನ ವಿಮಾನದಲ್ಲಿ ನಾನಂತೂ ಕೂರಲ್ಲ’ ಎಂದು ಒಳಗೆ ಹೋದರು. ಆದರೆ ಹಲ್ಲುಪಟ್ಟಿ ಕೂರಿಸಿದ ಆರನೇ ಮಾದರಿಯ ಹೊತ್ತಿಗೆ ಅವರೇ ಕುರ್ಚಿ ಎಳೆದುಕೊಂಡು ಕೂತು ‘ಆ ಹಲ್ಲು ಇನ್ನೂ ಸ್ವಲ್ಪ ಹತ್ತಿರ ಹತ್ತಿರ ಇರಲಿ, ಆಗ ಬೇಗ ಕಚ್ಚಿಕೊಳ್ಳುತ್ತೆ’ ಎಂದರು. ಅವರ ಮಾತು ಸರಿಯಿತ್ತು. ಪೂರ್ತಿ ಅಳತೆಯ ಸ್ಟ್ಯಾಂಡನ್ನು ಸಂಜೆ ತರಗತಿಯ ವರ್ಕ್‌ಶಾಪಿನಲ್ಲಿ ಬೆಸುಗೆ ಹಾಕಿಸಿದ್ದೇನೆ. ಅದರ ಗುಣಗಳು ಮೂರು: ಒಂದು, ಭಾರ ಮೇಲೇರಿದಂತೆಲ್ಲ ಒಂದು ಕಬ್ಬಿಣದ ನಾಲಿಗೆ ಹಲ್ಲಿನಿಂದ ಹಲ್ಲಿಗೆ ಕಚ್ಚಿಕೊಳ್ಳುವುದರಿಂದ ಸರಪಳಿ ಪೂರ್ತಿ ಬಿಟ್ಟುಹೋದರೂ ಭಾರ ಒಂದು ಬೆರಳಿನಷ್ಟು ಮಾತ್ರ ಇಳಿಯುತ್ತದೆ. ಎರಡು, ಕೊಕ್ಕೆಯ ಮೇಲಿನ ಮುಳ್ಳು ನಿಜವಾದ ತೂಕ ತೋರಿಸುತ್ತದೆ, ಬರೆದದ್ದನ್ನು ನಂಬಬೇಕಾಗಿಲ್ಲ. ಮೂರು, ಎಂಜಿನ್ನನ್ನು ಉದ್ದನೆಯ ಹಿಡಿಗಳಿಂದ ಎರಡು ಮಾರು ದೂರದಲ್ಲಿ ನಿಂತೇ ತಿರುಗಿಸಬಹುದು. ಅಡಿಯಲ್ಲಿ ಯಾರೂ ಮಲಗಬೇಕಾಗಿಲ್ಲ.

ನಾನೂರು ಕೆ.ಜಿ. ಮರಳಿನ ಚೀಲಗಳನ್ನು ಒಂದು ಗಂಟೆ ನೇತುಹಾಕಿ, ಮೇಷ್ಟ್ರ ಎದುರು ಬೇಕೆಂದೇ ಸರಪಳಿ ಬಿಟ್ಟು ನೋಡಿದ್ದೇನೆ. ಒಂದು ಬೆರಳು. ಕಿರುಬೆರಳೋ ಹೆಬ್ಬೆರಳೋ ಎಂದು ತಾವು ಕೇಳಬಹುದು. ಹದಿನಾಲ್ಕು ಮಿಲಿಮೀಟರ್.

೭. ಸ್ಟ್ಯಾಂಡ್ ಈಗ ನನ್ನ ಕೊಠಡಿಯ ಹಿಂದೆ ಹೊದಿಕೆ ಹೊದ್ದು ನಿಂತಿದೆ. ಪರೀಕ್ಷೆಯಾಗದ ಸಾಧನವನ್ನು ದಾಸ್ತಾನು ಪುಸ್ತಕಕ್ಕೆ ಸೇರಿಸುವಂತಿಲ್ಲ. ದಾಸ್ತಾನು ಪುಸ್ತಕದಲ್ಲಿಲ್ಲದ ಸಾಧನವನ್ನು ಪರೀಕ್ಷಿಸುವಂತಿಲ್ಲ. ಎರಡೂ ಪುಸ್ತಕ ಇರುವುದು ನನ್ನ ಹತ್ತಿರವೇ, ಒಂದೇ ಕಪಾಟಿನಲ್ಲಿ, ಒಂದರ ಪಕ್ಕ ಒಂದು. ತಮ್ಮ ಒಂದು ಸಹಿ ಬಿದ್ದರೆ ಅವು ಪರಸ್ಪರ ಮಾತಾಡಬಹುದು.

೮. ಈ ಬುಧವಾರ ಹೊಸ ಎಂಜಿನ್ ಬಂತು. ಅದೇ ಮಾದರಿ, ಅದೇ ಮುನ್ನೂರ ಹತ್ತು ಕೆ.ಜಿ. ಆದರೆ ಒಳಗೆ ಎಲ್ಲವೂ ಇದೆ. ಸೋಮವಾರ ಹತ್ತೂವರೆಗೆ ಮುಖ್ಯ ಅತಿಥಿಗಳು ಗುಂಡಿ ಒತ್ತಿ ಎಂಜಿನ್ ಎತ್ತುವರೆಂದು ಆಹ್ವಾನ ಪತ್ರಿಕೆಯಲ್ಲಿದೆ. ದೊಡ್ಡಪ್ಪನಿಗೆ ಗುಂಡಿ ಇಲ್ಲದಿರುವುದರಿಂದ, ಹಲಗೆಯೊಂದಕ್ಕೆ ಕರೆಗಂಟೆಯ ಗುಂಡಿ ಕೂರಿಸಲಾಗಿದೆ. ಅದು ಯಾವುದಕ್ಕೂ ಸಂಪರ್ಕ ಹೊಂದಿಲ್ಲ. ಅತಿಥಿಗಳು ಒತ್ತಿದ ಕೂಡಲೇ ಪರದೆಯ ಹಿಂದೆ ಇಬ್ಬರು ಸರಪಳಿ ಎಳೆಯುವುದು, ಎಂಜಿನ್ ವಿಮಾನದ ಮೂಗಿನ ಹತ್ತಿರ ಬಂದಾಗ ಒಬ್ಬರು ಗಾಲಿಹಲಗೆಯ ಮೇಲೆ ಅಂಗಾತ ಮಲಗಿ, ಅದರ ಅಡಿಗೆ ಸರಿದು, ಬೋಲ್ಟು ಹೊಂದಿಸುವುದು ಎಂದು ತೀರ್ಮಾನವಾಗಿದೆ. ಆ ಒಬ್ಬರು ನನ್ನ ಗಂಡ. ಒಂಬತ್ತು ವರ್ಷ ಅವರು ಡಬ್ಬಿಯ ಅಡಿಯಲ್ಲಿ ಮಲಗಿದ್ದರು. ಐದನೇ ಅಂಶದಲ್ಲಿ ಮೇಷ್ಟ್ರು ಕೇಳಿದ ಪ್ರಶ್ನೆಗೆ ಸೋಮವಾರ ಉತ್ತರ ಸಿಗುವ ಜಾಗದಲ್ಲಿ ಮಲಗುವವರು ಅವರೇ.

೯. ಗುರುವಾರ ನಾನು ತಮ್ಮ ಕೋಣೆಗೆ ಬಂದು ಇದನ್ನೇ ಹೇಳಿದಾಗ ತಾವು ಪರೀಕ್ಷಾ ಪುಸ್ತಕ ತರಿಸಿ, ಪುಟ ತಿರುಗಿಸಿ, ‘ನೋಡಿಮ್ಮಾ, ಒಂಬತ್ತು ವರ್ಷದಿಂದ ಪಾಸಾಗ್ತಾ ಇರೋ ಯಂತ್ರ ಇದು. ಸುಳ್ಳಾ? ಇದು ಯಾರ ಸಹಿ?’ ಎಂದಿರಿ.

‘ನನ್ನದು ಸಾರ್.’

‘ಮತ್ತೆ? ನಿಮ್ಮ ಸಹಿ ಮೇಲೆ ನಿಮಗೇ ನಂಬಿಕೆ ಇಲ್ವಾ?’

ಇಲ್ಲ ಸಾರ್ ಎನ್ನಬೇಕಿತ್ತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳಲು ಈ ಅರ್ಜಿ. ಇಲ್ಲ ಸಾರ್.

೧೦. ‘ಯೋಗ್ಯ ಮಾರ್ಗ’ದ ಬಗ್ಗೆಯೂ ಎರಡು ಮಾತು. ನನ್ನ ಮೊದಲ ಅರ್ಜಿಯನ್ನು ನನ್ನ ಗಂಡ ಮೂರು ವಾರ ಫ್ರಿಜ್ಜಿನ ಮೇಲೆ ಇಟ್ಟಿದ್ದರು. ಬೆಳಿಗ್ಗೆ ಹಾಲು ತೆಗೆಯುವಾಗಲೆಲ್ಲ ನನಗೆ ಅದು ಕಾಣುತ್ತಿತ್ತು. ಕೇಳಿದರೆ ‘ಪರಿಶೀಲನೆಯಲ್ಲಿದೆ’ ಎನ್ನುತ್ತಿದ್ದರು. ದೊಡ್ಡಪ್ಪನ ಸುದ್ದಿ ಎತ್ತಿದರೆ ಮುಖ ಊದಿಸಿಕೊಳ್ಳುತ್ತಿದ್ದರು.

‘ಏನೇ, ನನ್ನ ಕೈ ಮೇಲೆ ನಂಬಿಕೆ ಇಲ್ವಾ ನಿನಗೆ?’

‘ನಿಮ್ಮ ಕೈ ಸರಿಯಾಗಿದೆ ರೀ. ಎಂಜಿನ್ ಒಳಗೆ ಏನೂ ಇಲ್ಲ.’

‘ತಲೆ ಒಳಗೂ ಏನೂ ಇಲ್ಲ ಅಂದುಬಿಡು.’

ಅನ್ನಲಿಲ್ಲ. ದಾಖಲೆಗಾಗಿ ತಿಳಿಸುತ್ತಿದ್ದೇನೆ.

ಆದರೆ ಬುಧವಾರ ಹೊಸ ಎಂಜಿನ್ನಿನ ಟ್ರಾಲಿಯನ್ನು ನಾಲ್ಕು ಜನ ಸೇರಿ ತಳ್ಳಿದರೂ ಅದು ಹ್ಯಾಂಗರಿನ ಹೊಸ್ತಿಲು ದಾಟಲಿಲ್ಲ. ಹಳೆಯದನ್ನು ನಾವಿಬ್ಬರೇ ಮಾತಾಡಿಕೊಂಡು ದಾಟಿಸುತ್ತಿದ್ದೆವು. ನನ್ನ ಗಂಡ ತಳ್ಳುವುದು ನಿಲ್ಲಿಸಿ, ಹೊಸದನ್ನೂ ಹಳೆಯದನ್ನೂ ನೋಡಿದರು. ಊಟದ ವಿರಾಮದಲ್ಲಿ ನನ್ನ ಕೊಠಡಿಗೆ ಬಂದು ‘ನಿನ್ನ ತೂಕದ ಯಂತ್ರ ಸರಿ ಇದೆಯಾ?’ ಎಂದರು. ಚಪ್ಪಲಿ ಬಿಚ್ಚಿ ತಾವೇ ಹತ್ತಿ ನಿಂತರು. ಮುಳ್ಳು ನಿಂತ ಜಾಗವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಇಳಿದು, ಹ್ಯಾಂಗರಿಗೆ ಹೋಗಿ, ಹಳೇ ಎಂಜಿನ್ನಿನ ಬೆಳ್ಳಿ ಬಣ್ಣದ ಸಿಲಿಂಡರಿಗೆ ಬೆರಳಿನ ಗೆಣ್ಣಿನಿಂದ ಬಡಿದರು. ಬಾಗಿಲು ತಟ್ಟಿದ ಹಾಗೆ ಕೇಳಿಸಿತು.

೧೧. ನಿನ್ನೆ ಶುಕ್ರವಾರ, ತರಗತಿಗಳು ಮುಗಿದ ಮೇಲೆ, ನಾನು ಏಣಿ ಹಾಕಿ ದೊಡ್ಡಪ್ಪನ ಹತ್ತಿರ ಹತ್ತಿದೆ. ಉದ್ದೇಶವನ್ನು ಲಗತ್ತುಗಳಲ್ಲಿ ನಮೂದಿಸಿದ್ದೇನೆ. ಬೋಲ್ಟು ಅಲುಗುತ್ತಿರಲಿಲ್ಲ. ಕೆಳಗಿನಿಂದ ಗಂಡನ ದನಿ ಬಂತು.

‘ಇಳಿ ಕೆಳಗೆ.’

‘ಇಳಿಯಲ್ಲ.’

‘ಇಳಿ ಅಂದ್ನಲ್ಲ.’

‘ನೀವು ಬೈದ್ರೂ ಸರಿ, ಸಾಹೇಬ್ರಿಗೆ ಹೇಳಿದ್ರೂ ಸರಿ, ಸೋಮವಾರ ನಾನು ಅಲ್ಲಿ ನಿಂತು ನೋಡಲ್ಲ.’

ಅವರು ಏಣಿಯ ಬುಡಕ್ಕೆ ಬಂದು ನನ್ನ ಕೈಯತ್ತ ನೋಡಿದರು.

‘ಆ ಸ್ಪ್ಯಾನರ್ ಅದರ ಸೈಜಲ್ಲ, ಇಪ್ಪತ್ತೆರಡು ತಗೊಂಡು ಹೋಗಿದ್ದೀಯ’ ಎಂದು ತಮ್ಮ ಲಾಕರ್ ತೆಗೆದು, ಬಟ್ಟೆಯಲ್ಲಿ ಸುತ್ತಿದ್ದ ಒಂದು ಸ್ಪ್ಯಾನರನ್ನು ಹೊರತೆಗೆದರು. ಇಪ್ಪತ್ತನಾಲ್ಕು. ಆರು ವರ್ಷದ ಹಿಂದೆ ಕಳೆದದ್ದು. ನಾನು ಏಣಿಯ ಮೇಲಿಂದಲೇ ಅವರ ಮುಖ ನೋಡಿದೆ.

‘ಹಾಗೆ ನೋಡ್ಬೇಡ. ಅಂಥ ಹಿಡಿತ ಬೇರೆ ಯಾವುದಕ್ಕೂ ಇಲ್ಲ’ ಎಂದರು. ‘ಸರಿ, ಇಳಿ. ಏಣಿ ಹಿಡ್ಕೋ. ನಾನು ಬಿಚ್ತೀನಿ.’

ಅವರು ಬಿಚ್ಚಿದರು. ನಾನು ಏಣಿ ಹಿಡಿದಿದ್ದೆ.

೧೨. ಆದ್ದರಿಂದ ತಮ್ಮಲ್ಲಿ ಕೋರಿಕೊಳ್ಳುವುದೇನೆಂದರೆ,

(ಅ) ಪರೀಕ್ಷಾ ಪುಸ್ತಕದ ನನ್ನ ಒಂಬತ್ತು ಸಹಿಗಳನ್ನು ರದ್ದುಪಡಿಸುವುದು. ಶಿಸ್ತುಕ್ರಮ ಜರುಗಿಸುವುದಾದರೆ ಒಂಬತ್ತನ್ನೂ ಒಂದೇ ಕಡತದಲ್ಲಿ ಜರುಗಿಸಿದರೆ ನನಗೆ ರಜೆ ಹಾಕಲು ಅನುಕೂಲ.

(ಆ) ಹೊಸ ಸ್ಟ್ಯಾಂಡನ್ನು ದಾಸ್ತಾನಿಗೆ ಸೇರಿಸಲು ಇಂದೇ ಸಹಿ ಮಾಡುವುದು. ಮುಖ್ಯ ಅತಿಥಿಗಳ ಗುಂಡಿಯನ್ನು ಅದಕ್ಕೂ ಕೂರಿಸಬಹುದು. ಯಾವುದಕ್ಕೂ ಸಂಪರ್ಕವಿಲ್ಲದ ಕಾರಣ ಎಲ್ಲಿಯಾದರೂ ಹೊಂದುತ್ತದೆ.

(ಇ) ನನ್ನ ವಿನ್ಯಾಸದಲ್ಲಿ ನಂಬಿಕೆ ಇಲ್ಲದಿದ್ದರೆ, ಅದು ಸಹಜವೇ, ನನಗೂ ದಿನಕ್ಕೆರಡು ಸಲ ಹಾಗಾಗುತ್ತದೆ, ಸೋಮವಾರಕ್ಕೆ ಮುಂಚೆ ಯಾವ ಭಾರ ಬೇಕಾದರೂ ನೇತುಹಾಕಿ ಪರೀಕ್ಷಿಸುವುದು. ಆದರೆ ದಯವಿಟ್ಟು ತೂಗಿ ಹಾಕುವುದು.

(ಈ) ವಿದ್ಯಾರ್ಥಿಗಳ ಪಾಠದಿಂದ ‘ಒಂದು ಗೇಣು’ ಎಂಬ ಹಂತವನ್ನು ಕೈಬಿಡುವುದು. ಪೂರ್ತಿ ಅಂಕ ಪಡೆದವಳ ಅಂಕ ಕಡಿಮೆ ಮಾಡುವುದು ಬೇಡ. ಅವಳಿಗೆ ಕಲಿಸಿದ್ದು ನಾವು.

ತಮ್ಮ ವಿಶ್ವಾಸಿ,
ಉಪಕರಣ ಕೊಠಡಿಯ ಪಾಲಕಿ
(ಹತ್ತನೇ ಸಹಿ. ಇದನ್ನು ಹಿಂಪಡೆಯುವುದಿಲ್ಲ.)

ಸ್ಥಳ: ಉಪಕರಣ ಕೊಠಡಿ
ದಿನಾಂಕ: ಶನಿವಾರ, ಬೆಳಿಗ್ಗೆ, ತಾವು ಬರುವ ಮುಂಚೆ

ಮಾರ್ಗಾಧಿಕಾರಿಗಳ ಷರಾ: ಓದಿದ್ದೇನೆ. ಫ್ರಿಜ್ಜಿನ ಮೇಲೆ ಇಟ್ಟಿಲ್ಲ. ಬಲವಾಗಿ ಶಿಫಾರಸು ಮಾಡಿ ರವಾನಿಸಿದೆ. ಹಲ್ಲುಗಳ ಅಂತರದ ಬಗ್ಗೆ ನನ್ನ ತಾಯಿಯವರ ಸಲಹೆಯನ್ನು ನಕ್ಷೆಯಲ್ಲಿ ನಮೂದಿಸಬೇಕೆಂದು ಅವರು ಹೇಳಿದ್ದಾರೆ.

ಲಗತ್ತುಗಳು:
೧. ಹೊಸ ಸ್ಟ್ಯಾಂಡಿನ ನಕ್ಷೆ, ಮೂರು ಹಾಳೆ. (ಎಡಗಡೆ ಅಂಚು ಬಿಡಲಾಗಿದೆ.)
೨. ತೂಕದ ಚೀಟಿಗಳು: ಹಳೇ ಎಂಜಿನ್, ಮೂರು. ಹಿರಿಯ ತಂತ್ರಜ್ಞರು, ಒಂದು. (ಪಾಲಕಿಯ ಚೀಟಿ ಲಗತ್ತಿಸಿಲ್ಲ.)
೩. ಸ್ಪ್ರಿಂಗ್, ಒಂದು, ತೊಂಬತ್ತು ಗ್ರಾಂ. (ನಮ್ಮ ಬಚ್ಚಲ ಬಾಗಿಲು ಈಗ ತಾನಾಗಿ ಮುಚ್ಚಿಕೊಳ್ಳುತ್ತಿಲ್ಲ. ಅತ್ತೆಯವರ ಆಕ್ಷೇಪಣೆ ಈ ಅರ್ಜಿಯ ವ್ಯಾಪ್ತಿಗೆ ಬರುವುದಿಲ್ಲ.)
೪. ಇಪ್ಪತ್ತನಾಲ್ಕರ ಸ್ಪ್ಯಾನರ್, ಒಂದು. ಆರು ವರ್ಷ ತಡವಾಗಿ ವಾಪಸು ಬಂದದ್ದು.
೫. ದೊಡ್ಡಪ್ಪನ ಕೊಕ್ಕೆ, ಒಂದು, ಮೂಲ. ನೀಡಿಕೆ ಪುಸ್ತಕದಲ್ಲಿ ನಮೂದಿಸಿದೆ. ಉದ್ದೇಶ: ಪ್ರಾತ್ಯಕ್ಷಿಕೆ. ದಾಸ್ತಾನಿನಲ್ಲಿ ಬೇರೆ ಕೊಕ್ಕೆ ಇಲ್ಲ. ಹೊಸದಕ್ಕೆ ಬೇಡಿಕೆ ಸಲ್ಲಿಸಿದರೆ ತಾವೇ ರೂಪಿಸಿದ ನಿಯಮಗಳ ಪ್ರಕಾರ ಮೂರು ತಿಂಗಳು ಹಿಡಿಯುತ್ತದೆ.

ವಿಶೇಷ ಸೂಚನೆ: ಪಿಸ್ಟನ್ನನ್ನು ಎಂಜಿನ್ನಿಗೆ ಮರಳಿಸಿದ ಮೇಲೆ ತಮ್ಮ ಮೇಜಿನ ಕಾಗದಗಳು ಫ್ಯಾನಿನ ಗಾಳಿಗೆ ಹಾರುವ ಸಂಭವ ಇರುವುದರಿಂದ, ಐದನೇ ಲಗತ್ತನ್ನು ಈ ಅರ್ಜಿಯ ಮೇಲೆಯೇ ಇಟ್ಟುಕೊಳ್ಳಬೇಕಾಗಿ ವಿನಂತಿ. ತೂಕ ನಾಲ್ಕು ಕೆ.ಜಿ. ಇನ್ನೂರು ಗ್ರಾಂ. ತೂಗಿದ್ದೇನೆ.